ಪತ್ತಿನ ಪುಸ್ತಕ

ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಗಾವಡಗೆರೆಯೂ ಒಂದು. ಅದರ ಸುತ್ತಮುತ್ತಲಿನ ಹಳ್ಳಿಗಳು ಹೆಚ್ಚಾಗಿ ಮಳೆಯನ್ನೇ ನಂಬಿ ಬದುಕುವಂಥವು. ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು ಈ ಸೀಮೆಯ ಮುಖ್ಯ ಬೆಳೆಗಳು. ಬಿತ್ತುವ ಕಾಲಕ್ಕೆ ರೈತನ ಕೈಯಲ್ಲಿ ಹಣವಿರುವುದಿಲ್ಲ. ಹಣ ಕೈಸೇರುವ ಹೊತ್ತಿಗೆ ಬಿತ್ತನೆ ಮುಗಿದು ಎಷ್ಟೋ ತಿಂಗಳುಗಳಾಗಿರುತ್ತವೆ. ಈ ಎರಡು ಕಾಲಗಳ ನಡುವಣ ಹಳ್ಳವನ್ನು ದಾಟಿಸುವ ಕಾಲುಸೇತುವೆಯೇ ಸಾಲ. ಬೀಜಕ್ಕೆ ಸಾಲ, ಗೊಬ್ಬರಕ್ಕೆ ಸಾಲ, ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನಿಗೆ ಸೌದೆ ತರಲು ಸಾಲ. ನಡುವೆ ಮನೆಯಲ್ಲೊಂದು ಮದುವೆಯೋ ಕಾಯಿಲೆಯೋ ಬಂದರೆ ಅದಕ್ಕೂ ಸಾಲ. ಸೇತುವೆ ಗಟ್ಟಿಯಾಗಿದ್ದರೆ ಮನುಷ್ಯ ಆಚೆಯ ದಡ ಸೇರುತ್ತಾನೆ. ಅದು ಮುರಿದರೆ ಹಳ್ಳಕ್ಕೆ ಬೀಳುತ್ತಾನೆ.

ಹಳ್ಳಿಯ ದಿನಸಿ ಅಂಗಡಿಗಳಲ್ಲಿ ಉದ್ದನೆಯದೊಂದು ಉದ್ರಿ ಪುಸ್ತಕವಿರುವುದನ್ನು ನೀವು ನೋಡಿರಬಹುದು. 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆ ಗೋಡೆಯ ಮೇಲೆ ತೂಗುತ್ತಿದ್ದರೂ, ಅದರ ಕೆಳಗೇ ಕುಳಿತ ಅಂಗಡಿಯವನು ಎಷ್ಟೋ ಮನೆಗಳ ಲೆಕ್ಕವನ್ನು ಬರೆದುಕೊಳ್ಳುತ್ತಿರುತ್ತಾನೆ. ಆತ ಎಲ್ಲರಿಗೂ ಉದ್ರಿ ಕೊಡುವುದಿಲ್ಲ. ಯಾರು ಹೇಳಿದ ದಿನಕ್ಕೆ ಹಣ ತಂದುಕೊಟ್ಟರು, ಯಾರು ಆ ದಿನ ಬೇರೆ ಬೀದಿಯಲ್ಲಿ ಸುತ್ತಿ ಹೋದರು ಎಂಬುದು ಆತನಿಗೆ ಗೊತ್ತು. ಆತ ಕೊಡುವುದು ಅಕ್ಕಿ ಬೇಳೆಯನ್ನೇ ಆದರೂ, ಅದಕ್ಕಿಂತ ಮೊದಲು ಕೊಡುವುದು ನಂಬಿಕೆಯನ್ನು. ಇಂತಹ ನಂಬಿಕೆಗೆ ನಮ್ಮ ವ್ಯವಹಾರದ ಭಾಷೆಯಲ್ಲಿ 'ಪತ್ತು' ಎಂದು ಹೆಸರು. ಮರಾಠಿಯಲ್ಲಿಯೂ ಇದೇ ಅರ್ಥದಲ್ಲಿ 'ಪತ್' ಎಂಬ ಪದವಿದೆ. 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ' ಎಂಬ ಬರಹವನ್ನು ನೀವು ಹಳ್ಳಿಗಳಲ್ಲಿ ಓದಿದ್ದೀರಿ. ಅಲ್ಲಿರುವ ಪತ್ತು ಇದೇ. ಒಬ್ಬನ ಮಾತಿಗೆ ಪೇಟೆಯಲ್ಲಿ ಎಷ್ಟು ಬೆಲೆಯುಂಟೋ ಅಷ್ಟೇ ಅವನ ಪತ್ತು.

ಹಾಗಾದರೆ ಪತ್ತು ಹುಟ್ಟುವುದು ಹೇಗೆ? ಹಿಂದೆ ಕೊಟ್ಟ ಮಾತನ್ನು ಉಳಿಸಿಕೊಂಡವನನ್ನು ಮುಂದೆಯೂ ನಂಬಬಹುದೆಂದು ಲೋಕ ಎಣಿಸುತ್ತದೆ. ಆದರೆ ಇನ್ನೂ ಯಾವ ಮಾತನ್ನೂ ಕೊಡುವ ಸಂದರ್ಭ ಬಾರದವನ ಗತಿಯೇನು? ಸಾಲವನ್ನೇ ಮಾಡದವನಿಗೆ ತೀರಿಸಿದ ಕೀರ್ತಿ ಎಲ್ಲಿಂದ ಬರಬೇಕು? ಕೀರ್ತಿಯಿಲ್ಲದವನಿಗೆ ಸಾಲ ಯಾರು ಕೊಡಬೇಕು? ಈಜು ಬಾರದೆ ನೀರಿಗೆ ಇಳಿಯಬಾರದು, ನೀರಿಗೆ ಇಳಿಯದೆ ಈಜು ಬಾರದು ಎಂಬಂಥ ತೊಡಕು ಇದು. ಇಂದು ಮೊದಲ ಬಾರಿಗೆ ಬ್ಯಾಂಕಿನ ಮೆಟ್ಟಿಲು ಹತ್ತಿ ಒಂದು ಕ್ರೆಡಿಟ್ ಕಾರ್ಡನ್ನು ಕೇಳುವ ಯುವಕ ಯುವತಿಯರೆಲ್ಲ ಎದುರಿಸುವ ತೊಡಕೂ ಇದೇ. ಆದರೆ ತೊಡಕು ಹೊಸದಲ್ಲ. ನಮ್ಮ ಹಿರಿಯರು ಇದನ್ನು ಹಲವು ಬಗೆಯಲ್ಲಿ ಬಿಡಿಸಲು ಯತ್ನಿಸಿದ್ದಾರೆ.

ಹಿಂದಿನ ಕಾಲದಲ್ಲಿ ಪತ್ತಿನ ಪುಸ್ತಕ ಇದ್ದುದು ಜನರ ನೆನಪಿನಲ್ಲಿ. 'ಇಂಥವರ ಮಗ, ಇಂಥವರ ಮೊಮ್ಮಗ' ಎಂಬುದೇ ಮೊದಲ ಜಾಮೀನು. ಎರಡನೆಯ ಜಾಮೀನು ಭೂಮಿ, ಮೂರನೆಯದು ಒಡವೆ. ಈ ಪದ್ಧತಿಯಲ್ಲಿ ಒಂದು ಆತ್ಮೀಯತೆ ಇದ್ದುದು ನಿಜ. ಮಳೆ ಕೈಕೊಟ್ಟ ವರ್ಷ ಅಂಗಡಿಯವನು ಮುಖ ನೋಡಿ ಸುಮ್ಮನಾಗುತ್ತಿದ್ದುದೂ ಉಂಟು. ಆದರೆ ಅದರಲ್ಲಿ ದೊಡ್ಡದೊಂದು ಅನ್ಯಾಯವೂ ಅಡಗಿತ್ತು. ಭೂಮಿಯಿಲ್ಲದವನ, ಒಡವೆಯಿಲ್ಲದವನ, ಕೀಳೆಂದು ದೂರವಿಟ್ಟ ಕೇರಿಯಲ್ಲಿ ಹುಟ್ಟಿದವನ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಅಂಥವನು ಸಾಲ ಪಡೆಯಬೇಕಾದರೆ ಒತ್ತೆಯಿಡಬೇಕಾದುದು ತನ್ನ ಮೈಯನ್ನೇ. ಅದನ್ನೇ ಜೀತವೆನ್ನುತ್ತಿದ್ದರು. ತಂದೆ ಪಡೆದ ಕೆಲವು ರೂಪಾಯಿಗಾಗಿ ಮಗ ಒಡೆಯನ ಮನೆಯಲ್ಲಿ ದನ ಕಾಯ್ದುಕೊಂಡು ಬೆಳೆಯುತ್ತಿದ್ದ. ದುಡಿದಂತೆಲ್ಲ ಬಡ್ಡಿ ಬೆಳೆಯುತ್ತಿತ್ತೇ ಹೊರತು ಅಸಲು ಕರಗುತ್ತಿರಲಿಲ್ಲ. ಲೆಕ್ಕದ ಪುಸ್ತಕ ಸಾಲಿಗನ ಕೈಯಲ್ಲಿತ್ತು; ಅದರಲ್ಲಿ ಏನು ಬರೆದಿದೆಯೆಂದು ಓದಲು ಸಾಲಗಾರನಿಗೆ ಅಕ್ಷರ ಬರುತ್ತಿರಲಿಲ್ಲ.

ಈ ಕಟ್ಟನ್ನು ಸಡಿಲಿಸುವ ಕೆಲಸದಲ್ಲಿ ಹುಣಸೂರಿನ ಹೆಸರು ಸೇರಿಕೊಂಡಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು 1972ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದರು. ಅವರ ಆಡಳಿತದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಬಂದಿತು. 1976ರ ಕರ್ನಾಟಕ ಋಣ ಪರಿಹಾರ ಕಾಯಿದೆಯು ಸಣ್ಣ ರೈತರ, ಭೂಮಿಯಿಲ್ಲದ ಕೃಷಿಕಾರ್ಮಿಕರ ಹಾಗೂ ದುರ್ಬಲ ವರ್ಗದವರ ಖಾಸಗಿ ಸಾಲಗಳ ಹೊರೆಯನ್ನು ಇಳಿಸಿತು. ಅದೇ 1976ರಲ್ಲಿ ಕೇಂದ್ರದ ಜೀತ ಪದ್ಧತಿ ರದ್ದತಿ ಕಾಯಿದೆಯೂ ರಚಿತವಾಯಿತು. ಹಳೆಯ ಪತ್ರಗಳು ಹರಿದವು. ಆದರೆ ಪತ್ರ ಹರಿದ ಮಾತ್ರಕ್ಕೆ ಮುಂದಿನ ಬಿತ್ತನೆಗೆ ಬೀಜ ಬರಲಾರದು. ಸಾಲದಿಂದ ಬಿಡುಗಡೆಯಾದವನಿಗೆ ಮತ್ತೆ ನ್ಯಾಯವಾದ ಸಾಲ ದೊರೆಯದಿದ್ದರೆ ಅವನು ಅದೇ ಬಾಗಿಲಿಗೆ ಮರಳಿ ಹೋಗಬೇಕಾಗುತ್ತದೆ. ಋಣವನ್ನು ಕಾನೂನು ಮನ್ನಾ ಮಾಡಬಹುದು. ಪತ್ತನ್ನು ಮಾತ್ರ ಅವರವರೇ ಗಳಿಸಿಕೊಳ್ಳಬೇಕು.

ಬಡವರು ಪತ್ತನ್ನು ಗಳಿಸುವುದು ಹೇಗೆಂಬುದಕ್ಕೆ ಜರ್ಮನಿಯ ರೈತರು ಒಂದು ದಾರಿಯನ್ನು ತೋರಿಸಿದ್ದರು. ಅಲ್ಲಿ ಹಳ್ಳಿಗಳ ಮೇಯರಾಗಿದ್ದ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬುವನು ಬಡ್ಡಿಯ ಬಾಯಿಗೆ ಸಿಕ್ಕ ರೈತರನ್ನು ಕಂಡು ಮರುಗಿ, 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಒಂದು ಸಾಲ ಸಂಘವನ್ನು ಕಟ್ಟಿದನು. ಒಬ್ಬೊಬ್ಬನೇ ಹೋದರೆ ಯಾರೂ ನಂಬದ ಬಡವರು, ಒಬ್ಬರಿಗೊಬ್ಬರು ಹೊಣೆಯಾಗಿ ಒಟ್ಟಾಗಿ ನಿಂತರೆ ಅವರನ್ನು ನಂಬಬಹುದು ಎಂಬುದೇ ಅವನ ಎಣಿಕೆ. ಮದರಾಸು ಪ್ರಾಂತದ ಅಧಿಕಾರಿಯಾಗಿದ್ದ ಫ್ರೆಡ್ರಿಕ್ ನಿಕಲ್ಸನ್ ಯೂರೋಪಿನ ಇಂತಹ ಸಂಘಗಳನ್ನು ಅಭ್ಯಾಸಮಾಡಿ 1895ರಲ್ಲಿ ವರದಿಯನ್ನು ಒಪ್ಪಿಸಿದನು. ಭಾರತದ ಸಹಕಾರಿ ಪತ್ತಿನ ಸಂಘಗಳ ಕಾಯಿದೆ 1904ರಲ್ಲಿ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿತವಾಯಿತು. ಹೀಗೆ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು ಕನ್ನಡದ ನೆಲದಲ್ಲಿ ಮೂಡಿತು.

ಕಡಲ ತೀರದಲ್ಲಿ ಇನ್ನೊಂದು ಉಪಾಯ ಕಾಣಿಸಿಕೊಂಡಿತು. ಉಡುಪಿಯಲ್ಲಿ 1925ರಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದುದು, 1928ರಲ್ಲಿ 'ಪಿಗ್ಮಿ' ಠೇವಣಿ ಯೋಜನೆಯನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಏರ್ಪಾಡು ಅದು. ಈ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ 'ಪಿಗ್ಮಿ ಕಟ್ಟುವುದು' ಎಂಬ ಮಾತು ನಮ್ಮ ಪೇಟೆಬೀದಿಗಳಲ್ಲಿ ಇಂದಿಗೂ ಉಳಿದಿದೆ. ದಿನವೂ ಎರಡಾಣೆ ಕಟ್ಟಿದವನು ಹಣವನ್ನಷ್ಟೇ ಕೂಡಿಡಲಿಲ್ಲ. ತಾನು ಕ್ರಮ ತಪ್ಪದ ಮನುಷ್ಯನೆಂಬುದಕ್ಕೆ ದಿನಕ್ಕೊಂದು ಸಾಕ್ಷಿಯನ್ನೂ ಕೂಡಿಟ್ಟನು.

ಯಾವ ಚರಿತ್ರೆಯೂ ಇಲ್ಲದೆ ಹೊಸ ನಾಡಿಗೆ ಬಂದವರ ಕಥೆಯೂ ನಮ್ಮ ನೆರೆಯಲ್ಲಿಯೇ ಇದೆ. ತಮ್ಮ ದೇಶವನ್ನು ಬಿಟ್ಟು ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಯನ್ನು ಕೊಟ್ಟಿತು. ಬಳಿಕ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅವರ ವಸತಿ ಏರ್ಪಟ್ಟಿತು. ಅವರ ಭಾಷೆ ಇಲ್ಲಿಯವರಿಗೆ ತಿಳಿಯದು. ಅವರ ತಂದೆತಾತಂದಿರನ್ನು ಕಂಡವರಿಲ್ಲ. ಇಂತಹವರಲ್ಲಿ ಅನೇಕರು ಚಳಿಗಾಲದಲ್ಲಿ ದೇಶದ ನಗರಗಳಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರುವ ಕಸುಬನ್ನು ಹಿಡಿದರು. ಮಾಲನ್ನು ಪಂಜಾಬಿನ ಲೂಧಿಯಾನದ ವ್ಯಾಪಾರಿಗಳಿಂದ ಉದ್ರಿಯಾಗಿ ತಂದು, ಚಳಿಗಾಲ ಮುಗಿದೊಡನೆ ಹಣವನ್ನು ಸಲ್ಲಿಸುವುದು ಅವರಲ್ಲಿ ವಾಡಿಕೆಯಾಯಿತು. ಅಡವಿಡಲು ಏನೂ ಇಲ್ಲದವರು ವರ್ಷದಿಂದ ವರ್ಷಕ್ಕೆ ಹೇಳಿದ ಕಾಲಕ್ಕೆ ಹಣ ಕೊಟ್ಟೇ ಪತ್ತನ್ನು ಸಂಪಾದಿಸಿದರು.

ಟಿಬೆಟ್ಟಿನವರ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಹುಟ್ಟಿದ ಮೈರಾಡ ಎಂಬ ಸಂಸ್ಥೆ ಮುಂದೆ ಹೆಗ್ಗಡದೇವನಕೋಟೆಯೂ ಸೇರಿದಂತೆ ಹಲವೆಡೆ ಹಳ್ಳಿಯ ಬಡವರ ನಡುವೆ ದುಡಿಯತೊಡಗಿತು. 1980ರ ದಶಕದ ನಡುವಿನಲ್ಲಿ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಅವುಗಳ ಸದಸ್ಯರು ತಮಗೆ ಪರಸ್ಪರ ನಂಬಿಕೆಯಿದ್ದವರೊಡನೆ ಸಣ್ಣ ಸಣ್ಣ ಗುಂಪುಗಳಾಗಿ ಸೇರಿದುದನ್ನು ಈ ಸಂಸ್ಥೆ ಗಮನಿಸಿತು. ಹೀಗೆ ಬೆಳೆದವೇ ಸ್ವಸಹಾಯ ಸಂಘಗಳು. 1987ರಲ್ಲಿ ನಬಾರ್ಡ್ ಬ್ಯಾಂಕು ಈ ಪ್ರಯೋಗಕ್ಕೆ ನೆರವು ನೀಡಿತು. 1992ರಲ್ಲಿ ಇಂತಹ ಸಂಘಗಳಿಗೆ ಬ್ಯಾಂಕುಗಳು ನೇರವಾಗಿ ಸಾಲ ಕೊಡುವ ಯೋಜನೆ ದೇಶದಲ್ಲಿ ಆರಂಭವಾಯಿತು. ಸಂಘದ ನಿಯಮಗಳಿಗೆ ಪಂಚಸೂತ್ರವೆಂದು ಹೆಸರು: ಕ್ರಮವಾಗಿ ಸಭೆ ಸೇರುವುದು, ಕ್ರಮವಾಗಿ ಉಳಿತಾಯ ಮಾಡುವುದು, ತಮ್ಮೊಳಗೆ ಸಾಲ ಕೊಟ್ಟುಕೊಳ್ಳುವುದು, ಸಕಾಲದಲ್ಲಿ ತೀರಿಸುವುದು, ಲೆಕ್ಕವನ್ನು ತಪ್ಪದೆ ಬರೆದಿಡುವುದು. ಆರು ತಿಂಗಳಾದರೂ ಹೀಗೆ ನಡೆದ ಸಂಘವನ್ನೇ ಬ್ಯಾಂಕು ಸಾಲಕ್ಕೆ ಅರ್ಹವೆಂದು ಎಣಿಸುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದ ತಾಯಂದಿರು ಹೀಗೆ ತಮ್ಮದೇ ಒಂದು ಪತ್ತಿನ ಪುಸ್ತಕವನ್ನು ಪಡೆದರು. ಹಿಂದೆ ಆ ಪುಸ್ತಕ ಸಾಲಿಗನ ಕೈಯಲ್ಲಿತ್ತು. ಈಗ ಅದು ಅವರ ಕೈಗೆ ಬಂದಿತು.

ಇನ್ನು ನಗರದ ಕಡೆಗೆ ನೋಡೋಣ. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಮಹಾನಗರದಲ್ಲಿ ಪಕ್ಕದ ಮನೆಯವರ ಹೆಸರೂ ತಿಳಿಯದು. ಅಲ್ಲಿ ಮುಖ ನೋಡಿ ಸಾಲ ಕೊಡುವುದೆಂತು? ನ್ಯೂಯಾರ್ಕ್ ನಗರದಲ್ಲಿ 1841ರಷ್ಟು ಹಿಂದೆಯೇ ಲೂಯಿಸ್ ಟ್ಯಾಪನ್ ಎಂಬುವನು ವ್ಯಾಪಾರಿಗಳ ಪತ್ತಿನ ವಿಷಯವನ್ನು ಸಂಗ್ರಹಿಸಿ ತಿಳಿಸುವ ಸಂಸ್ಥೆಯೊಂದನ್ನು ತೆರೆದನು. 1956ರಲ್ಲಿ ಬಿಲ್ ಫೇರ್ ಎಂಬ ಎಂಜಿನಿಯರನೂ ಅರ್ಲ್ ಐಸಾಕ್ ಎಂಬ ಗಣಿತಜ್ಞನೂ ಸೇರಿ, ಒಬ್ಬನು ಸಾಲ ತೀರಿಸುವ ಸಂಭವವೆಷ್ಟೆಂಬುದನ್ನು ಅಂಕಿಗಳಿಂದ ಅಳೆಯುವ ಕೆಲಸಕ್ಕೆ ತೊಡಗಿದರು. ಅಳತೆಯಿಲ್ಲದೆ ಸಾಲ ಹಂಚಿದರೆ ಏನಾಗುವುದೆಂಬುದಕ್ಕೂ ಅಮೆರಿಕದಲ್ಲಿಯೇ ಉದಾಹರಣೆಯಿದೆ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಎಂಬ ಊರಿನ ಸುಮಾರು 60,000 ಮಂದಿಗೆ, ಅವರು ಕೇಳದೆಯೇ, ಅಂಚೆಯಲ್ಲಿ ಕ್ರೆಡಿಟ್ ಕಾರ್ಡುಗಳನ್ನು ಕಳುಹಿಸಿತು. ಮೊದಮೊದಲು ಬ್ಯಾಂಕಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು. ನಮ್ಮ ದೇಶದಲ್ಲಿ ಕೇಳದೆ ಕಾರ್ಡು ಕಳುಹಿಸುವುದನ್ನು ರಿಸರ್ವ್ ಬ್ಯಾಂಕು ನಿಷೇಧಿಸಿದೆ.

ಭಾರತದಲ್ಲಿ ಪತ್ತಿನ ಮಾಹಿತಿಯನ್ನು ಒಂದೆಡೆ ಸೇರಿಸಲು 2000ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪಿತವಾಯಿತು. 2005ರಲ್ಲಿ ಇದಕ್ಕೆಂದೇ ಕಾಯಿದೆಯೊಂದು ರಚಿತವಾಯಿತು. ಇಂದು ಇಂತಹ ನಾಲ್ಕು ಸಂಸ್ಥೆಗಳಿವೆ. ಯಾರು ಯಾವ ಸಾಲ ಪಡೆದರು, ಕಂತನ್ನು ಯಾವ ದಿನ ಕಟ್ಟಿದರು, ಎಷ್ಟು ದಿನ ತಡಮಾಡಿದರು ಎಂಬುದನ್ನು ಬ್ಯಾಂಕುಗಳು ಇವುಗಳಿಗೆ ತಿಳಿಸುತ್ತವೆ. ಆ ಮಾಹಿತಿಯಿಂದ 300ರಿಂದ 900ರವರೆಗಿನ ಒಂದು ಅಂಕವನ್ನು ಲೆಕ್ಕಹಾಕುತ್ತಾರೆ. ಅಂಕ ಹೆಚ್ಚಿದಷ್ಟೂ ಪತ್ತು ಹೆಚ್ಚು. ಅಂಗಡಿಯ ಉದ್ರಿ ಪುಸ್ತಕವೇ ದೇಶದಷ್ಟು ದೊಡ್ಡದಾಗಿ ಬೆಳೆದಿದೆ ಎನ್ನಬಹುದು.

ಈಗ ಗಾವಡಗೆರೆಯ ಕಡೆಯ ಒಬ್ಬ ಹೆಣ್ಣುಮಗಳು ಪದವಿ ಮುಗಿಸಿ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳೆಂದು ಭಾವಿಸೋಣ. ಅವಳು ಇದುವರೆಗೆ ಯಾರಿಂದಲೂ ಒಂದು ರೂಪಾಯಿ ಸಾಲ ಪಡೆದವಳಲ್ಲ. ಕಾರ್ಡಿಗಾಗಿ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಗುತ್ತದೆ. ಕಾರಣ ಕೇಳಿದರೆ, "ನಿಮ್ಮ ಮೇಲೆ ಯಾವ ದೂರೂ ಇಲ್ಲಮ್ಮ; ಆದರೆ ನಿಮ್ಮ ಬಗ್ಗೆ ಹೇಳುವುದಕ್ಕೆ ಪುಸ್ತಕದಲ್ಲಿ ಏನೂ ಇಲ್ಲ" ಎನ್ನುತ್ತಾರೆ ಬ್ಯಾಂಕಿನ ಅಧಿಕಾರಿ. ಅವಳ ಹೆಸರಿನ ಮುಂದೆ ಅಂಕಕ್ಕೆ ಬದಲಾಗಿ -1 ಎಂಬ ಗುರುತು ಇರುತ್ತದೆ. ಅವಳಿಗೆ ಅವಮಾನವಾಗುತ್ತದೆ. ಸಾಲ ಮಾಡದೆ ಬದುಕಿದ್ದೇ ತಪ್ಪಾಯಿತೇ ಎನಿಸುತ್ತದೆ. ಊರಿಗೆ ಬಂದು ತಾಯಿಯೊಡನೆ ಹೇಳಿಕೊಂಡರೆ, ಇಪ್ಪತ್ತು ವರ್ಷದಿಂದ ಸಂಘದಲ್ಲಿರುವ ಆ ತಾಯಿ ನಕ್ಕು, "ನಮ್ಮನ್ನೂ ಮೊದಮೊದಲು ಯಾರು ನಂಬಿದ್ರು ಕಣವ್ವ? ವಾರಕ್ಕೆ ಹತ್ತು ರೂಪಾಯಿ ಕಟ್ಟಿ ಪುಸ್ತಕ ತುಂಬಿಸಿದ್ಮೇಲೆ ನಂಬಿದ್ರು" ಎನ್ನುತ್ತಾಳೆ. ಆ ಮಾತಿನಲ್ಲಿ ಅರ್ಥಶಾಸ್ತ್ರದ ದೊಡ್ಡದೊಂದು ಪಾಠವೇ ಅಡಗಿದೆ.

ಮೊದಲನೆಯದಾಗಿ, -1 ಎಂಬುದು ಕೆಟ್ಟ ಹೆಸರಲ್ಲ. ಅದು ಖಾಲಿ ಹಾಳೆ. ಪರೀಕ್ಷೆಯಲ್ಲಿ ಸೊನ್ನೆ ಪಡೆಯುವುದಕ್ಕೂ ಇನ್ನೂ ಪರೀಕ್ಷೆಯನ್ನೇ ಬರೆಯದಿರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಪತ್ತಿನ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಬ್ಯಾಂಕುಗಳಿಗೆ ತಿಳಿಸಿರುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿನಲ್ಲಿ ಹೇಳಿದೆ. ಕಾರ್ಡಿನ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮವೂ ಇದೆ. ಆದುದರಿಂದ ಅರ್ಜಿದಾರರು ಕುಗ್ಗದೆ, ವಿನಯದಿಂದ ಕಾರಣವನ್ನು ಕೇಳಿ ಪಡೆಯಬೇಕು.

ಎರಡನೆಯದಾಗಿ, ಖಾಲಿ ಹಾಳೆಯ ಮೇಲೆ ಮೊದಲ ಸಾಲನ್ನು ಬರೆಯುವ ದಾರಿಗಳಿವೆ. ಬ್ಯಾಂಕಿನಲ್ಲಿ ಒಂದು ನಿಶ್ಚಿತ ಠೇವಣಿಯನ್ನಿಟ್ಟು, ಅದರ ಆಧಾರದ ಮೇಲೆ ಕಾರ್ಡನ್ನು ಪಡೆಯಬಹುದು. ಠೇವಣಿಯೇ ಜಾಮೀನಾಗಿರುವುದರಿಂದ ಇಂತಹ ಕಾರ್ಡು ಹೊಸಬರಿಗೆ ಸುಲಭವಾಗಿ ದೊರೆಯುತ್ತದೆ. ಸಂಬಳ ಜಮೆಯಾಗುವ ಬ್ಯಾಂಕಿನಲ್ಲಿಯೇ ಮೊದಲು ಕೇಳುವುದು ಲೇಸು. ಏಕೆಂದರೆ ತಿಂಗಳು ತಿಂಗಳೂ ಬರುವ ಆದಾಯವನ್ನು ಆ ಬ್ಯಾಂಕು ಕಣ್ಣಾರೆ ಕಾಣುತ್ತದೆ. ನಿಜವಾಗಿ ಬೇಕಾದ ವಸ್ತುವಿಗಾಗಿ ಸಣ್ಣ ಸಾಲವೊಂದನ್ನು ಪಡೆದು ಕಂತುಗಳನ್ನು ತಪ್ಪದೆ ಕಟ್ಟುವುದು ಇನ್ನೊಂದು ದಾರಿ. ರೈತನಿಗಾದರೆ 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಕೆಲವು ತಿಂಗಳು ಹೀಗೆ ಕ್ರಮವಾಗಿ ನಡೆದರೆ -1 ಅಳಿದು ಅಂಕ ಮೂಡುತ್ತದೆ. ಸಂಘದ ತಾಯಂದಿರಿಗೆ ವಿಧಿಸಿದ ಆರು ತಿಂಗಳ ಪರೀಕ್ಷೆಯಂಥದೇ ಪರೀಕ್ಷೆ ಇದೂ.

ಮೂರನೆಯದಾಗಿ, ಅವಸರ ಕೂಡದು. ಒಂದು ಬ್ಯಾಂಕು ಒಲ್ಲೆನೆಂದೊಡನೆ ಹತ್ತು ಬ್ಯಾಂಕುಗಳಿಗೆ ಅರ್ಜಿ ಹಾಕುವವರುಂಟು. ಅರ್ಜಿ ಬಂದಾಗಲೆಲ್ಲ ಬ್ಯಾಂಕು ಪತ್ತಿನ ಸಂಸ್ಥೆಯನ್ನು ವಿಚಾರಿಸುತ್ತದೆ. ಆ ವಿಚಾರಣೆಯೂ ಪುಸ್ತಕದಲ್ಲಿ ದಾಖಲಾಗುತ್ತದೆ. ಒಂದೇ ದಿನ ಊರಿನ ಹತ್ತು ಮನೆಗಳಲ್ಲಿ ಕೈಸಾಲ ಕೇಳಿದವನನ್ನು ಹನ್ನೊಂದನೆಯ ಮನೆಯವರು ಅನುಮಾನದಿಂದ ನೋಡುವುದಿಲ್ಲವೇ? ಇದೂ ಹಾಗೆಯೇ.

ಕಾರ್ಡು ಕೈಗೆ ಬಂದಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಕಾರ್ಡಿನ ಮಿತಿ ಎಂಬುದು ನಮ್ಮ ಹಣವಲ್ಲ, ಬ್ಯಾಂಕಿನ ಹಣ. ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ. ಆದರೆ ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂಬ ಚಿಕ್ಕ ಮೊತ್ತವೊಂದು ಅಚ್ಚಾಗಿರುತ್ತದೆ. ಅದನ್ನು ಕಟ್ಟಿದರೆ ಸಾಕೆಂದು ಎಷ್ಟೋ ಮಂದಿ ತಪ್ಪು ತಿಳಿಯುತ್ತಾರೆ. ಲೆಕ್ಕ ಮಾಡಿ ನೋಡೋಣ. ₹10,000 ಬಾಕಿಯಿದೆ, ಬಡ್ಡಿ ತಿಂಗಳಿಗೆ ನೂರಕ್ಕೆ 3.5 ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿ ₹350. ಕನಿಷ್ಠ ಪಾವತಿಯೆಂದು ₹500 ಕಟ್ಟಿದರೆ ಅದರಲ್ಲಿ ₹350 ಬಡ್ಡಿಗೇ ಹೋಗಿ ಅಸಲು ಇಳಿಯುವುದು ₹150 ಮಾತ್ರ. ತೆರಿಗೆಯನ್ನೂ ಸೇರಿಸಿದರೆ ಅದಕ್ಕಿಂತಲೂ ಕಡಿಮೆ. ಏನನ್ನೂ ಕಟ್ಟದೆ ಬಿಟ್ಟರೆ ಬಡ್ಡಿಯ ಮೇಲೆ ಬಡ್ಡಿ ಬೆಳೆದು, ದಂಡವನ್ನು ಲೆಕ್ಕಕ್ಕೆ ಹಿಡಿಯದೆಯೇ, ಒಂದು ವರ್ಷದಲ್ಲಿ ಬಾಕಿ ₹15,000ವನ್ನು ದಾಟುತ್ತದೆ. ಹಳ್ಳಿಯ ಲೇವಾದೇವಿಗಾರನ 'ನೂರಕ್ಕೆ ಮೂರು' ಬಡ್ಡಿಯನ್ನು ಶಪಿಸುತ್ತಿದ್ದ ನಾವು, ಅದೇ ಬಡ್ಡಿ ಹೊಳೆಯುವ ಕಾರ್ಡಿನ ರೂಪದಲ್ಲಿ ಬಂದಾಗ ಗುರುತಿಸದೆ ಹೋಗಬಾರದು. ಕಾರ್ಡಿನಿಂದ ನಗದನ್ನು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ ಏರತೊಡಗುತ್ತದೆ.

ಆದುದರಿಂದ ತಿಳಿದವರು ಮಿತಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಬಳಸದಿರುವುದು ಒಳ್ಳೆಯದೆನ್ನುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ: ಹಾಸಿಗೆ ನಮ್ಮದಲ್ಲ, ಎರವಲು ತಂದದ್ದು. ಸ್ನೇಹದ ದಾಕ್ಷಿಣ್ಯಕ್ಕೆ ಮತ್ತೊಬ್ಬನ ಸಾಲಕ್ಕೆ ಜಾಮೀನು ನಿಲ್ಲುವ ಮೊದಲೂ ಯೋಚಿಸಬೇಕು. ಅವನು ಕಂತು ತಪ್ಪಿಸಿದರೆ ನಮ್ಮ ಹಾಳೆಯ ಮೇಲೂ ಕಪ್ಪು ಬೀಳುತ್ತದೆ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಾಲ ಕೊಡುವೆವೆಂದು ಕರೆಯುವ ಕಳ್ಳ ಆ್ಯಪ್‌ಗಳಂತೂ ಹಳೆಯ ಜೀತದ ಹೊಸ ಬಾಗಿಲು. ಫೋನಿನಲ್ಲಿರುವ ಹೆಸರು, ಚಿತ್ರಗಳನ್ನು ಕದ್ದು, ಬಳಿಕ ಬಂಧುಬಳಗದ ಮುಂದೆ ಮಾನ ಕಳೆಯುವೆವೆಂದು ಅವು ಬೆದರಿಸುತ್ತವೆ.

ಅಕ್ಷರ ಬಾರದ ಕಾಲದಲ್ಲಿ ಸಾಲಗಾರನು ತನ್ನ ಲೆಕ್ಕವನ್ನು ಓದಲಾರದೆ ಕೆಟ್ಟನು. ನಿಮಗೆ ಆ ಕೊರತೆಯಿಲ್ಲ. ಪ್ರತಿಯೊಂದು ಪತ್ತಿನ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಅದನ್ನು ತರಿಸಿ ಓದಬೇಕು. ತೀರಿಸಿದ ಸಾಲವನ್ನು ಬಾಕಿಯೆಂದೋ ಬೇರೊಬ್ಬರ ಸಾಲವನ್ನು ನಮ್ಮದೆಂದೋ ತೋರಿಸಿದ್ದರೆ ತಿದ್ದುಪಡಿಗೆ ದೂರು ಕೊಡಬೇಕು. ದೂರನ್ನು 30 ದಿನಗಳೊಳಗೆ ಇತ್ಯರ್ಥಪಡಿಸದಿದ್ದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂಬ ವ್ಯವಸ್ಥೆ 2024ರಿಂದ ಜಾರಿಯಲ್ಲಿದೆ.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಈ ಪುಸ್ತಕಕ್ಕೆ ಕಾಣುವುದು ಬರೆದದ್ದು ಮಾತ್ರ. ಬರಗಾಲದಲ್ಲಿ ನೆರೆಯವರಿಗೆ ರಾಗಿ ಹಂಚಿದ ಕೈ ಅದಕ್ಕೆ ಕಾಣಿಸದು. ತಮ್ಮನ ಓದಿಗಾಗಿ ತನ್ನ ಆಸೆಗಳನ್ನು ಹತ್ತಿಕ್ಕಿದ ಅಕ್ಕನ ತ್ಯಾಗಕ್ಕೆ ಅಲ್ಲಿ ಅಂಕವಿಲ್ಲ. ಮಳೆ ಬಾರದೆ ಕಂತು ತಪ್ಪಿದವನನ್ನೂ ಮೋಸದಿಂದ ತಪ್ಪಿಸಿದವನನ್ನೂ ಅದು ಹೆಚ್ಚುಕಡಿಮೆ ಒಂದೇ ಶಾಯಿಯಲ್ಲಿ ಬರೆಯುತ್ತದೆ. ಆದುದರಿಂದ ಅಂಕವನ್ನು ಮನುಷ್ಯನ ಯೋಗ್ಯತೆಯೆಂದು ಭ್ರಮಿಸುವುದು ತಪ್ಪು. ಅಂಕಕ್ಕಾಗಿಯೇ ಬೇಡದ ಸಾಲವನ್ನು ಮಾಡುವುದು ಇನ್ನೂ ದೊಡ್ಡ ತಪ್ಪು.

ಆದರೆ ಹಳೆಯ ಪದ್ಧತಿಗಿಲ್ಲದ ಒಂದು ಗುಣ ಈ ಹೊಸ ಪುಸ್ತಕಕ್ಕಿದೆ. ಅದರಲ್ಲಿ ಬರೆಯುವುದು ಹುಟ್ಟಿದ ಕೇರಿಯನ್ನಲ್ಲ, ತಾತನ ಹೆಸರನ್ನಲ್ಲ. ನಾವೇ ಕೊಟ್ಟ ಮಾತನ್ನು ನಾವೇ ಹೇಗೆ ನಡೆಸಿಕೊಂಡೆವೆಂಬುದನ್ನು. ಜೀತದ ಕಾಲದಲ್ಲಿ ತಂದೆಯ ಸಾಲ ಮಗನನ್ನು ಕಟ್ಟಿಹಾಕುತ್ತಿತ್ತು. ಇಂದು ಪ್ರತಿಯೊಬ್ಬರಿಗೂ ಅವರವರದೇ ಹಾಳೆ. ಹದಿನೆಂಟು ತುಂಬಿದ ಮೇಲೆ ನಿಮ್ಮ ಮುಂದೆಯೂ ಆ ಖಾಲಿ ಹಾಳೆ ಬಂದು ನಿಲ್ಲುತ್ತದೆ. ಅದರ ಮೊದಲ ಸಾಲು ಚಿಕ್ಕದಾಗಿರಲಿ, ತೀರಿಸಬಲ್ಲಷ್ಟೇ ಆಗಿರಲಿ, ಗಡುವಿಗೆ ಒಂದು ದಿನ ಮುಂಚೆಯೇ ತೀರಿದ್ದಾಗಿರಲಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 'ಪತ್ತು' ಎಂದರೇನು?
2. ಕಣಗಿನಹಾಳದ ಸಹಕಾರ ಸಂಘ ಯಾವ ವರ್ಷದಲ್ಲಿ ಸ್ಥಾಪಿತವಾಯಿತು?
3. ಪತ್ತಿನ ವರದಿಯಲ್ಲಿ -1 ಎಂಬ ಗುರುತು ಏನನ್ನು ಸೂಚಿಸುತ್ತದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮುಖ ನೋಡಿ ಸಾಲ ಕೊಡುವ ಪದ್ಧತಿಯ ಗುಣವೇನು? ದೋಷವೇನು?
2. ಟಿಬೆಟ್ಟಿನ ನಿರಾಶ್ರಿತರು ಪತ್ತನ್ನು ಹೇಗೆ ಸಂಪಾದಿಸಿದರು?
3. ಪಂಚಸೂತ್ರಗಳು ಯಾವುವು?

ಇ) ಸಂದರ್ಭ ಸೂಚಿಸಿ ವಿವರಿಸಿರಿ.
1. "ಪುಸ್ತಕ ತುಂಬಿಸಿದ್ಮೇಲೆ ನಂಬಿದ್ರು."
2. "ಹಾಸಿಗೆ ನಮ್ಮದಲ್ಲ, ಎರವಲು ತಂದದ್ದು."

ಈ) ಲೆಕ್ಕ ಮಾಡಿರಿ.
₹4,000 ಬಾಕಿಗೆ ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿಯಾದರೆ, ₹200 ಕನಿಷ್ಠ ಪಾವತಿ ಮಾಡಿದಾಗ ಅಸಲಿನಲ್ಲಿ ಇಳಿಯುವ ಮೊತ್ತವೆಷ್ಟು?

ಉ) ನಿಮ್ಮ ಊರಿನ ಸ್ವಸಹಾಯ ಸಂಘದ ಒಂದು ಸಭೆಗೆ ಹೋಗಿ, ಅಲ್ಲಿ ಲೆಕ್ಕ ಬರೆಯುವ ಕ್ರಮವನ್ನು ಕೇಳಿ ತಿಳಿದು ಒಂದು ಪುಟದ ಪ್ರಬಂಧವನ್ನು ಬರೆಯಿರಿ.